ಸಿಂದಗಿಯಲ್ಲಿ ಕೆಡದ ಜೋಳ ಬೆಳಗಾವಿಯಲ್ಲಿ ಯಾಕೆ ಕೆಡುತ್ತದೆ?

ಪ್ರಶ್ನೆ: ನನ್ನ ತವರು ಸಿಂದಗಿ ಹತ್ತಿರ ಒಂದು ಹಳ್ಳಿ. ಮದುವೆಯಾಗಿ ಬೆಳಗಾವಿಗೆ ಬಂದಿದ್ದೇನೆ. ಅವ್ವ ಪ್ರತಿ ವರ್ಷ ಬೇಸಿಗೆಯಲ್ಲಿ ಬಿಳಿಜೋಳ, ಕೆಮ್ಮಣ್ಣು ಹಚ್ಚಿದ ತೊಗರಿ, ಶೇಂಗಾ, ಕಟಕ್ ರೊಟ್ಟಿ, ಎಲೆ ಹಾಕಿ ಕಾಸಿದ ತುಪ್ಪ ಎಲ್ಲ ಕಟ್ಟಿ ಕಳಿಸುತ್ತಾಳೆ. ಊರಲ್ಲಿ ಇವೆಲ್ಲ ವರ್ಷಗಟ್ಟಲೆ ಇರುತ್ತವೆ. ಇಲ್ಲಿ ಶ್ರಾವಣ ಬರುವುದರೊಳಗೆ ಜೋಳಕ್ಕೆ ನುಸಿ, ರೊಟ್ಟಿ ಮೆತ್ತಗೆ, ಶೇಂಗಾಕ್ಕೆ ಮುಗ್ಗಲು ವಾಸನೆ. ಅವ್ವ ಹೇಳಿದಂತೆ ಬೇವಿನ ಎಲೆ ಹಾಕಿದೆ, ಏನೂ ಆಗಲಿಲ್ಲ. ಇದೆಲ್ಲ ಹಳೇ ಕಾಲದ ರೂಢಿ, ಸುಮ್ನೆ ಕಷ್ಟಪಡ್ತೀ ಅಂತಾರೆ ಅತ್ತೆ. ಪಕ್ಕದ ಮನೆಯವರು ಡಬ್ಬಿಯಲ್ಲಿ ಗುಳಿಗೆ ಇಡಿ ಅಂದರು. ಏನು ಮಾಡಲಿ? ನುಸಿ ಹಿಡಿದ ಜೋಳ ತಿನ್ನಬಹುದಾ?

ಉತ್ತರ: ಮೊದಲು ಆ ಗುಳಿಗೆ ವಿಷಯ ಮುಗಿಸೋಣ. ಉಳಿದದ್ದೆಲ್ಲ ನಿಧಾನಕ್ಕೆ ಮಾತಾಡಬಹುದು, ಇದು ಮಾತ್ರ ಇವತ್ತೇ ತಿಳಿದುಕೊಳ್ಳಬೇಕಾದದ್ದು.

ನಮ್ಮ ಕಡೆ ಕಾಳಿಗೆ ಇಡುವ ಗುಳಿಗೆ ಎರಡು ಥರ. ಒಂದು ಅಲ್ಯೂಮಿನಿಯಂ ಫಾಸ್ಫೈಡ್. ಇದು ದೊಡ್ಡ ಗೋದಾಮುಗಳಿಗೆ, ತರಬೇತಿ ಇದ್ದವರ ಕೈಯಲ್ಲಿ, ಎಲ್ಲ ಕಡೆ ಮುಚ್ಚಿ, ಜನರನ್ನು ದೂರ ಇಟ್ಟು ಬಳಸುವ ಮದ್ದು. ಹವೆಯಲ್ಲಿನ ತೇವ ತಾಗಿದರೆ ಸಾಕು, 3 ಗ್ರಾಂನ ಒಂದು ಗುಳಿಗೆ ಸುಮಾರು 1 ಗ್ರಾಂ ಫಾಸ್ಫೀನ್ ಅನ್ನುವ ವಿಷಗಾಳಿ ಬಿಡುತ್ತದೆ. ಅಡುಗೆಮನೆಯ ಡಬ್ಬಿಯ ಮುಚ್ಚಳ ಆ ಗಾಳಿಯನ್ನು ತಡೆಯುವುದಿಲ್ಲ. ಅದು ಪಕ್ಕದ ಮಲಗುವ ಕೋಣೆಗೆ ಹೋಗುತ್ತದೆ, ಮಕ್ಕಳಿದ್ದರೆ ಮಕ್ಕಳ ಮೂಗಿಗೆ ಹೋಗುತ್ತದೆ. ಈ ವಿಷಕ್ಕೆ ಇಂಥದ್ದೇ ಅನ್ನುವ ಪ್ರತಿಮದ್ದು ಇಲ್ಲ. ಇನ್ನೊಂದು ಥರದ್ದು ಪಾದರಸ ಸೇರಿಸಿದ ಗುಳಿಗೆ. ಚೀಲದ ನಡುವೆ ಸುಮ್ಮನೆ ಬಿದ್ದಿರುತ್ತದೆ, ವಾಸನೆ ಬರುವುದಿಲ್ಲ, ಹೀಗಾಗಿ ಜನ ಅದನ್ನು ನಿರುಪದ್ರವಿ ಅಂದುಕೊಂಡಿದ್ದಾರೆ. ಪಾದರಸ ಮನೆಯ ಬಿಸಿಗೇ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಗುಳಿಗೆ ಒಡೆದರೆ ಕಾಳಿನಲ್ಲೇ ಬೆರೆಯುತ್ತದೆ. ಊಟ ಮಾಡುವ ಕಾಳಿನ ಹತ್ತಿರ ಎರಡೂ ಬೇಡ.

ಇಟ್ಟುಬಿಟ್ಟಿದ್ದರೆ ಹೀಗೆ ಮಾಡಿ. ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಗುಳಿಗೆಯ ಮೇಲೆ ನೀರು ಮಾತ್ರ ಹಾಕಬೇಡಿ, ನೀರು ಬಿದ್ದರೆ ಗಾಳಿ ಒಮ್ಮೆಲೇ ಜಾಸ್ತಿ ಬರುತ್ತದೆ. ನೀವಾಗಿ ಡಬ್ಬಿಗೆ ಕೈ ಹಾಕದೆ 112ಕ್ಕೆ ಫೋನ್ ಮಾಡಿ ಸಹಾಯ ಕೇಳಿ. ಯಾರಿಗಾದರೂ ವಾಂತಿ, ತಲೆಸುತ್ತು, ಎದೆ ಬಿಗಿತ, ಉಸಿರಾಟಕ್ಕೆ ತ್ರಾಸು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಕಾಳಿನ ಗುಳಿಗೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಬೋರಿಕ್ ಪೌಡರ್ ಕಲಸಿ ಇಡುವುದು, ಡಬ್ಬಿಯಲ್ಲಿ ಡಾಂಬರ್ ಗುಳಿಗೆ ಹಾಕುವುದು, ಹೊಲಕ್ಕೆ ಹೊಡೆಯುವ ಎಣ್ಣೆಯ ಖಾಲಿ ಡ್ರಮ್ಮು ತೊಳೆದು ಅದರಲ್ಲಿ ಬೇಳೆ ತುಂಬುವುದು, ಇವನ್ನೂ ಬಿಟ್ಟುಬಿಡಿ. ಡ್ರಮ್ಮಿನ ವಿಷ ತೊಳೆದರೂ ಹೋಗುವುದಿಲ್ಲ.

ಈಗ ನಿಮ್ಮ ಅವ್ವನ ಪದ್ಧತಿಗೆ ಬರೋಣ. ಅತ್ತೆಯವರು ಹೇಳುವ ಹಾಗೆ ಅದು ಬರೀ ರೂಢಿ ಅಲ್ಲ. ಒಂದೊಂದಕ್ಕೂ ಗಟ್ಟಿ ಕಾರಣ ಇದೆ. ಆದರೆ ಅವ್ವನ ಕೆಲಸದಲ್ಲಿ ಅರ್ಧಕ್ಕರ್ಧ ಸಿಂದಗಿಯ ಹವೆಯೇ ಮಾಡಿಕೊಡುತ್ತದೆ, ಅದು ನಿಮಗೆ ಬೆಳಗಾವಿಯಲ್ಲಿ ಸಿಗುವುದಿಲ್ಲ. ವಿಜಯಪುರ ಜಿಲ್ಲೆಯ ಬೇಸಿಗೆ ಮಧ್ಯಾಹ್ನಗಳಲ್ಲಿ ಗಾಳಿಯ ತೇವ ನೂರಕ್ಕೆ 30ರ ಕೆಳಗೂ ಇಳಿಯುತ್ತದೆ. ಅಂಥ ಗಾಳಿಯಲ್ಲಿ ಬಟ್ಟೆ ಚೀಲದಲ್ಲಿಟ್ಟ ಜೋಳ ಇಟ್ಟಲ್ಲೇ ಇನ್ನಷ್ಟು ಒಣಗುತ್ತದೆ. ಬೆಳಗಾವಿ ಸಹ್ಯಾದ್ರಿಯ ಸೆರಗಿನಲ್ಲಿದೆ. ಜುಲೈ ಆಗಸ್ಟ್‌ನಲ್ಲಿ ತೇವ 80 ದಾಟಿ 90ರ ಹತ್ತಿರ ನಿಲ್ಲುತ್ತದೆ, ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಖಾನಾಪುರದ ಕಡೆ ಇನ್ನೂ ಜಾಸ್ತಿ. ಒಣಗಿದ ಕಾಳು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿಯ ತೇವಕ್ಕೆ ತಕ್ಕಷ್ಟು ಆಗುವ ತನಕ ಎಳೆಯುತ್ತಲೇ ಇರುತ್ತದೆ. ಸುತ್ತಲಿನ ತೇವ 70ರ ಆಸುಪಾಸು ದಾಟಿತೆಂದರೆ ಬೂಷ್ಟು ಬೆಳೆಯಲು ಶುರು. ಹೀಗಾಗಿ ಅದೇ ಚೀಲ, ಅದೇ ಜೋಳ, ಅದೇ ಬೇವಿನ ಎಲೆ ಇದ್ದರೂ ಅಲ್ಲಿ ಉಳಿದದ್ದು ಇಲ್ಲಿ ಕೆಡುತ್ತದೆ. ನಿಮ್ಮ ಕೈಗುಣದ ತಪ್ಪಲ್ಲ ಇದು.

ಬೇವಿನ ಎಲೆ ಯಾಕೆ ಕೆಲಸ ಮಾಡಲಿಲ್ಲ ಅಂತ ಕೇಳಿದ್ದೀರಿ. ಜೋಳಕ್ಕೆ ಬರುವ ಆ ಸೊಂಡಿಲಿನ ನುಸಿ ಏನು ಮಾಡುತ್ತದೆ ಗೊತ್ತಾ? ಹೆಣ್ಣು ನುಸಿ ಕಾಳಿಗೆ ಸೊಂಡಿಲಿನಿಂದ ಸಣ್ಣ ತೂತು ಕೊರೆಯುತ್ತದೆ, ಒಳಗೆ ಒಂದು ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ತೂತು ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಕಾಳು ಹೊಸದರ ಹಾಗೇ ಇರುತ್ತದೆ. ಮರಿ ಒಳಗೇ ಹುಟ್ಟಿ, ಒಳಗೇ ಹಿಟ್ಟು ತಿಂದು, ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ನುಸಿಯಾಗಿ ಹೊರಗೆ ಬರುತ್ತದೆ. ಅಂದರೆ ನೀವು ಜೂನ್ ಕೊನೆಗೆ ಕಂಡ ನುಸಿಯ ಮೊಟ್ಟೆ ಅದಕ್ಕೂ ಮೊದಲೇ, ಬಹುಶಃ ಊರಿನ ರಾಶಿಯಲ್ಲೋ ಚೀಲದಲ್ಲೋ ಬಿದ್ದಿತ್ತು. ಬೇವು ಹೊರಗಿನ ಹುಳವನ್ನು ದೂರ ಇಡುವುದಕ್ಕೆ ಅಷ್ಟಿಷ್ಟು ಸಹಾಯ ಮಾಡುತ್ತದೆ. ಕಾಳಿನ ಹೊಟ್ಟೆಯಲ್ಲಿರುವ ಮರಿಗೆ ಅದರಿಂದ ಏನೂ ಆಗುವುದಿಲ್ಲ. ಇನ್ನೊಂದು ಮಾತು. ಪೇಟೆಯಲ್ಲಿರುವವರು ಗಿಡದಿಂದ ಹಸಿ ಟೊಂಗೆ ಮುರಿದು ತಂದು ಹಾಗೇ ಡಬ್ಬಿಗೆ ತುರುಕುತ್ತಾರೆ. ಹಸಿ ಎಲೆಯಲ್ಲಿ ನೀರಿರುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಆ ನೀರು ಕಾಳಿಗೇ ಹೋಗುತ್ತದೆ. ಎಲೆಯನ್ನು ನೆರಳಲ್ಲಿ ಗಲಗಲ ಅನ್ನುವ ಹಾಗೆ ಒಣಗಿಸಿದ ಮೇಲೆಯೇ ಹಾಕಬೇಕು.

ಹಾಗಾದರೆ ಜೋಳಕ್ಕೆ ಏನು ಮಾಡಬೇಕು? ಮೊದಲು ಅದು ಎಷ್ಟು ಒಣಗಿದೆ ನೋಡಿ. ವರ್ಷ ಇಡುವ ಜೋಳದಲ್ಲಿ ತೇವ ನೂರಕ್ಕೆ 12ರ ಮೇಲೆ ಇರಬಾರದು. ಅದನ್ನು ಅಳೆಯಲು ಯಂತ್ರ ಬೇಕಿಲ್ಲ. ಉಪ್ಪನ್ನು ತವೆಯ ಮೇಲೆ ಹುರಿದು ಪೂರ್ತಿ ಒಣಗಿಸಿ, ಆರಲು ಬಿಡಿ. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಜೋಳ ತುಂಬಿ, ಎರಡು ಚಮಚ ಆ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಿ. ಹತ್ತು ನಿಮಿಷ ಹಾಗೇ ಇಡಿ. ಗಾಜಿನ ಒಳಮೈಗೆ ಉಪ್ಪು ಮಂಜಿನ ಹಾಗೆ ಅಂಟಿಕೊಂಡಿದ್ದರೆ ತೇವ 15ಕ್ಕಿಂತ ಜಾಸ್ತಿ ಇದೆ, ಆ ಜೋಳವನ್ನು ಡಬ್ಬಿಗೆ ತುಂಬಲೇಬೇಡಿ. ಉಪ್ಪು ಉದುರಿ ಕೆಳಗೆ ಬಿದ್ದಿದ್ದರೆ 15ರ ಕೆಳಗಿದೆ, ಇನ್ನೂ ಸ್ವಲ್ಪ ಒಣಗಿಸಿದರೆ ಸಾಕು. ಕೊನೆಯ ಪರೀಕ್ಷೆ ಅವ್ವನದೇ: ಹಲ್ಲಲ್ಲಿ ಕಡಿದರೆ ಕಟ್ ಅಂತ ಒಡೆಯಬೇಕು, ಚಪ್ಪಟೆಯಾಗಬಾರದು.

ಬಿಸಿಲಿಗೆ ಹಾಕುವ ಕೆಲಸವನ್ನು ಊರಲ್ಲೇ, ಏಪ್ರಿಲ್ ಮೇ ತಿಂಗಳಲ್ಲೇ ಮುಗಿಸಿ. ಸುಮ್ಮನೆ ಮಾಳಿಗೆ ಮೇಲೆ ಹರಡಿದರೆ ಕಾಳು ಒಣಗುತ್ತದೆ, ಹುಳ ಮಾತ್ರ ಪೂರ್ತಿ ಸಾಯುವುದಿಲ್ಲ. ಸಾಯಬೇಕಾದರೆ ಬಿಸಿ ಹಿಡಿದಿಡಬೇಕು. ಕೆಳಗೆ ಕರಿ ತಾಡಪತ್ರಿ ಹಾಸಿ, ಅದರ ಮೇಲೆ ಒಂದು ಬೆರಳು ದಪ್ಪಕ್ಕೆ ಮಾತ್ರ ಕಾಳು ಹರಡಿ, ಮೇಲೆ ಬಿಳಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿ. ನಮ್ಮ ಕಡೆಯ ಮೇ ಬಿಸಿಲಿಗೆ ಒಳಗಿನ ಬಿಸಿ 60 ಡಿಗ್ರಿ ಮುಟ್ಟುತ್ತದೆ. ಬೇಳೆಕಾಳಿನ ಹುಳಕ್ಕೆ 57 ಡಿಗ್ರಿಯಲ್ಲಿ ಒಂದು ತಾಸು ಇದ್ದರೆ ಮೊಟ್ಟೆ, ಮರಿ, ದೊಡ್ಡ ಹುಳ ಯಾವುದೂ ಉಳಿಯುವುದಿಲ್ಲ ಅಂತ ಪ್ರಯೋಗ ಮಾಡಿ ನೋಡಿದ್ದಾರೆ. ಹನ್ನೆರಡರಿಂದ ಮೂರರ ತನಕ ಬಿಟ್ಟರೆ ಜೋಳಕ್ಕೂ ಸಾಕು. ಬಿತ್ತುವ ಬೀಜಕ್ಕೆ ಮಾತ್ರ ಹೀಗೆ ಮಾಡಬೇಡಿ, ಮೊಳಕೆಗೆ ಪೆಟ್ಟು ಬೀಳಬಹುದು.

ಆಮೇಲೆ ಜನ ಮಾಡುವ ಒಂದು ಅವಸರ ಇದೆ, ದಯವಿಟ್ಟು ನೀವು ಮಾಡಬೇಡಿ. ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಹಾಗೇ ಡಬ್ಬಿಗೆ ಸುರಿದು ಮುಚ್ಚಳ ಹಾಕಿಬಿಡುತ್ತಾರೆ. ರಾತ್ರಿ ಡಬ್ಬಿ ತಣ್ಣಗಾದಾಗ ಒಳಗಿನ ಆವಿ ಮುಚ್ಚಳದ ಕೆಳಗೆ ಹನಿಯಾಗಿ ಮೇಲಿನ ಕಾಳಿನ ಮೇಲೆ ಬೀಳುತ್ತದೆ. ತಿಂಗಳಾದ ಮೇಲೆ ಡಬ್ಬಿ ತೆರೆದರೆ ಮೇಲಿನ ನಾಲ್ಕು ಬೆರಳಷ್ಟು ಕಾಳು ಮಾತ್ರ ಗಂಟು ಕಟ್ಟಿ ಮುಗ್ಗಿರುತ್ತದೆ, ಕೆಳಗಿನದು ಚೆನ್ನಾಗಿರುತ್ತದೆ. ನಿಮಗೂ ಹಾಗೆ ಆಗಿದ್ದರೆ ಕಾರಣ ಇದೇ. ಕಾಳು ಪೂರ್ತಿ ಆರಲಿ, ಆಮೇಲೆ ತುಂಬಿ.

ತುಂಬುವುದು ಎಲ್ಲಿ ಅನ್ನುವುದರಲ್ಲಿ ನಮ್ಮ ಹಿರಿಯರ ಹಗೇವನ್ನು ನೆನೆಸಿಕೊಳ್ಳಬೇಕು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಒಣ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆ ಅಂತ ವರ್ಷಗಟ್ಟಲೆ ಹಾಗೇ ಇಡುತ್ತಿದ್ದರು. ಒಳಗೆ ಗಾಳಿ ಹೋಗುವುದಿಲ್ಲ. ಇದ್ದಬದ್ದ ಆಮ್ಲಜನಕವನ್ನು ಕಾಳು ಮತ್ತು ಹುಳಗಳೇ ಉಸಿರಾಡಿ ಮುಗಿಸುತ್ತವೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ತಾನಾಗಿ ಸಾಯುತ್ತದೆ. ಹಗೇವು ತೆರೆದ ಕೂಡಲೇ ಇಳಿದವರು ಉಸಿರುಕಟ್ಟಿ ಸತ್ತದ್ದೂ ಇದೇ ಕಾರಣಕ್ಕೆ. ತಿಳಿದವರು ಬಾಯಿ ತೆರೆದು ತಾಸುಗಟ್ಟಲೆ ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯರನ್ನು ಇಳಿಸುತ್ತಿದ್ದರು. ಈಗ ಮೂರು ಪದರದ ಗಾಳಿಯಾಡದ ಚೀಲ ಅಂತ ಮಾರುತ್ತಾರಲ್ಲ, ಅದು ಕೆಲಸ ಮಾಡುವುದೂ ಹೀಗೆಯೇ.

ನಿಮ್ಮ ಮನೆಯಲ್ಲಿ ಹಗೇವು ಬೇಡ, ಆದರೆ ಅದರ ಗುಟ್ಟು ಬೇಕು. ಕಾಳು ಒಣಗಿದ್ದರೆ ಗಟ್ಟಿಯಾಗಿ ಮುಚ್ಚಿ, ಹಸಿ ಇದ್ದರೆ ಮುಚ್ಚಲೇಬೇಡಿ. ಮುಚ್ಚುವುದಾದರೆ ಡಬ್ಬಿಯ ಕಂಠದ ತನಕ ತುಂಬಿ, ಒಳಗೆ ಖಾಲಿ ಜಾಗ ಉಳಿಯದಿರಲಿ. ಒಂದೇ ದೊಡ್ಡ ಪೀಪಾಯಿ ಇಟ್ಟು ದಿನಾ ಮುಚ್ಚಳ ತೆಗೆದರೆ ಬೆಳಗಾವಿಯ ಹಸಿ ಗಾಳಿ ದಿನಾ ಒಳಗೆ ಹೋಗುತ್ತದೆ. ಬದಲಿಗೆ ಐದೈದು ಕೆಜಿಯ ಡಬ್ಬಿಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದರ ಬಾಯಿ ತೆಗೆಯಿರಿ. ಮುಚ್ಚಳ ಸಡಿಲ ಅನಿಸಿದರೆ ಡಬ್ಬಿಯ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಮುಚ್ಚಳ ಒತ್ತಿ. ಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದಲ್ಲಿ ಗೋಡೆ ನೀರು ಹೀರಿರುತ್ತದೆ. ನೆಲಕ್ಕೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ.

ಬೆಳಗಾವಿಯಲ್ಲಿ ನಡುಮಳೆಯಲ್ಲಿ ಬಿಸಿಲೇ ಇಲ್ಲದಾಗ ಹುಳ ಕಂಡರೆ ಫ್ರೀಜರ್ ಇದೆಯಲ್ಲ. ರವೆ, ಬೇಳೆ, ಹಿಟ್ಟು, ಒಂದೆರಡು ಕೆಜಿ ಜೋಳ, ಯಾವುದೇ ಆಗಲಿ, ಗಟ್ಟಿ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿ ಇಡಿ. ಹೊರಗೆ ತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವ ತನಕ, ಅಂದರೆ ಒಂದು ರಾತ್ರಿ, ಹಾಗೇ ಬಿಡಿ. ತಣ್ಣಗಿನ ಕಾಳಿಗೆ ಹಸಿ ಗಾಳಿ ತಾಗಿದರೆ ಮೈಯೆಲ್ಲ ಬೆವರುತ್ತದೆ.

ತೊಗರಿಯ ಕಥೆ ಬೇರೆ. ತೊಗರಿ, ಹೆಸರು, ಕಡಲೆ, ಅಲಸಂದಿಗೆ ಬರುವುದು ಜೋಳದ ನುಸಿ ಅಲ್ಲ. ದುಂಡಗಿನ ಕಂದು ಹುಳ, ಸೊಂಡಿಲು ಇರುವುದಿಲ್ಲ. ಇದು ಎಷ್ಟೋ ಸಲ ಹೊಲದಲ್ಲೇ, ಕಾಯಿ ಗಿಡದ ಮೇಲೆ ಇರುವಾಗಲೇ ಮೊಟ್ಟೆ ಇಟ್ಟಿರುತ್ತದೆ. ಮನೆಗೆ ಬಂದ ಮೇಲೆ ಕಾಳಿನಿಂದ ಕಾಳಿಗೆ ಹಬ್ಬುತ್ತದೆ. ಒಂದು ಕಾಳನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ. ಸಿಪ್ಪೆಗೆ ಸಾಸಿವೆಗಿಂತ ಸಣ್ಣ ಚುಕ್ಕೆ ಅಂಟಿರುತ್ತದೆ. ಚುಕ್ಕೆ ಪಾರದರ್ಶಕವಾಗಿ ಹೊಳೆಯುತ್ತಿದ್ದರೆ ಮೊಟ್ಟೆ ಇನ್ನೂ ಒಡೆದಿಲ್ಲ. ಹಾಲಿನ ಬಿಳುಪಾಗಿದ್ದರೆ ಮರಿ ಆಗಲೇ ಚುಕ್ಕೆಯ ಕೆಳಗಿನಿಂದ ಕಾಳಿನೊಳಗೆ ಕೊರೆದುಕೊಂಡು ಹೋಗಿದೆ, ಕೊರೆದ ಪುಡಿ ಖಾಲಿ ಮೊಟ್ಟೆಯಲ್ಲಿ ತುಂಬಿ ಬಿಳಿ ಕಾಣುತ್ತದೆ. ಇಷ್ಟು ನೋಡಿದರೆ ಸಾಕು, ಮುಂದೆ ಏನು ಮಾಡಬೇಕು ಗೊತ್ತಾಗುತ್ತದೆ. ಹೊಳೆಯುವ ಚುಕ್ಕೆ ಇದ್ದಾಗ ಎಣ್ಣೆ ಹಚ್ಚಿದರೆ ಮೊಟ್ಟೆಗೆ ಉಸಿರಿಲ್ಲದೆ ಸಾಯುತ್ತದೆ. ಬಿಳಿ ಚುಕ್ಕೆ ಆದ ಮೇಲೆ ಎಣ್ಣೆಯನ್ನು ನಂಬಿ ಕೂರಬೇಡಿ, ಮೊದಲು ಬಿಸಿಲಿನಲ್ಲೋ ಫ್ರೀಜರ್‌ನಲ್ಲೋ ಒಳಗಿನ ಮರಿ ಸಾಯಬೇಕು.

ಹರಳೆಣ್ಣೆ ಆಗಲಿ, ಶೇಂಗಾ ಎಣ್ಣೆ ಆಗಲಿ, ಒಂದು ಕೆಜಿ ಕಾಳಿಗೆ ಒಂದು ಚಹಾ ಚಮಚ, ಅಂದರೆ 5 ಮಿಲಿ ಸಾಕು. ಅಂಗೈಗೆ ಹಾಕಿಕೊಂಡು ಎಲ್ಲ ಕಾಳಿಗೂ ತಾಗುವ ಹಾಗೆ ಉಜ್ಜಿ. ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಸಿಗುವುದಿಲ್ಲ, ಕಮಟು ವಾಸನೆ ಮಾತ್ರ ಬೇಗ ಬರುತ್ತದೆ.

ಅವ್ವನ ಕೆಮ್ಮಣ್ಣು ಇನ್ನೂ ಚೆಂದ. ಜರಡಿ ಹಿಡಿದ ನುಣುಪು ಮಣ್ಣು ಕಾಳಿನ ಮೈಗೆ ಕೂತರೆ ಹುಳಕ್ಕೆ ಮೊಟ್ಟೆ ಅಂಟಿಸಲು ಜಾಗ ಸಿಗುವುದಿಲ್ಲ. ಹುಳದ ಮೈಮೇಲೆ ನೀರು ಆರದ ಹಾಗೆ ಕಾಯುವ ಸಣ್ಣ ಮೇಣದ ಪದರ ಇರುತ್ತದೆ. ನುಣುಪು ಮಣ್ಣು, ಕುಳ್ಳಿನ ಬೂದಿ ಅಂಥವು ಆ ಮೇಣವನ್ನು ಕೆರೆದು, ಹೀರಿ ತೆಗೆಯುತ್ತವೆ. ಹುಳ ಒಣಗಿ ಸಾಯುತ್ತದೆ. ಆದರೆ ಕಾಳಿಗೆ ಮಣ್ಣು ಹಚ್ಚುವಾಗ ನೀರು ಹಾಕಿ ಕಲಸುತ್ತಾರಲ್ಲ, ಆಮೇಲೆ ಎರಡು ಮೂರು ದಿನದ ಗಟ್ಟಿ ಬಿಸಿಲು ಬೇಕೇ ಬೇಕು. ಸಿಂದಗಿಯಲ್ಲಿ ಮಾಡಿ ತಂದರೆ ಸರಿ. ಬೆಳಗಾವಿಯ ಫ್ಲ್ಯಾಟಿನಲ್ಲಿ ಮಾಡಲು ಹೋಗಬೇಡಿ. ಹಸಿ ಗಾಳಿಯಲ್ಲಿ ಮಣ್ಣೂ ತೇವ ಕುಡಿಯುತ್ತದೆ, ಅದರ ಹೀರುವ ಶಕ್ತಿ ಹೋಗುತ್ತದೆ. ಇಲ್ಲಿಗೆ ನನ್ನ ಸಲಹೆ, ತೊಗರಿಯನ್ನು ಊರಲ್ಲೇ ಬೇಳೆ ಮಾಡಿಸಿ ತನ್ನಿ. ಈ ದುಂಡು ಹುಳಕ್ಕೆ ಇಡೀ ಕಾಳು ಬೇಕು, ಸಿಪ್ಪೆ ತೆಗೆದು ಒಡೆದ ಬೇಳೆಯಲ್ಲಿ ಅದು ಸರಿಯಾಗಿ ಬೆಳೆಯುವುದಿಲ್ಲ. ಬೇಳೆಗೆ ಕೆಂಪು ಹಿಟ್ಟಿನ ಹುಳ ಬರಬಹುದು, ಅದಕ್ಕೆ ಗಟ್ಟಿ ಡಬ್ಬಿ ಸಾಕು.

ಶೇಂಗಾ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮುಗ್ಗಲು ವಾಸನೆ ಬಂದಿದೆ ಅಂದಿರಿ. ಅದನ್ನು ಹುರಿದು ಚಟ್ನಿ ಮಾಡಿದರೆ ಆಗುತ್ತದೆ ಅಂತ ಬಹಳ ಮನೆಗಳಲ್ಲಿ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಶೇಂಗಾಕ್ಕೆ ಹಸಿರು-ಹಳದಿ ಬೂಷ್ಟು ಬಂದರೆ ಅದು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡಬಹುದು. ಯಕೃತ್ತಿಗೆ ಕೆಟ್ಟದ್ದು, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಕ್ಯಾನ್ಸರ್ ತರುತ್ತದೆ. ಮನೆಯ ಬಾಣಲೆಯ ಹುರಿತಕ್ಕೆ ಅದು ಪೂರ್ತಿ ಹೋಗುವುದಿಲ್ಲ. ಖಾರ, ಬಳ್ಳೊಳ್ಳಿ ಹಾಕಿ ಕುಟ್ಟಿದರೆ ವಾಸನೆ ಮುಚ್ಚುತ್ತದೆ, ವಿಷ ಅಲ್ಲೇ ಇರುತ್ತದೆ. ಸುಕ್ಕಾದ, ಬಣ್ಣ ತಿರುಗಿದ, ಕಹಿಯಾದ ಕಾಳು ಒಂದೊಂದನ್ನೂ ಆರಿಸಿ ಎಸೆಯಿರಿ. ವಾಸನೆ ಇಡೀ ಚೀಲಕ್ಕೆ ಹತ್ತಿದ್ದರೆ ಇಡೀ ಚೀಲ ಎಸೆಯಿರಿ. ದುಡ್ಡು ಹೋಯಿತು ಅಂತ ಸಂಕಟ ಆಗುತ್ತದೆ, ನನಗೆ ಗೊತ್ತು, ಆದರೂ ಎಸೆಯಿರಿ. ದನಕ್ಕೂ ಹಾಕಬೇಡಿ. ಹಸು ಎಮ್ಮೆ ತಿಂದರೆ ಆ ವಿಷ ರೂಪ ಬದಲಿಸಿ ಹಾಲಿನಲ್ಲಿ ಬರುತ್ತದೆ. ಮುಂದಿನ ಸಲ ಸುಲಿಯದ ಕಾಯಿ ತನ್ನಿ. ಸಿಪ್ಪೆಯೇ ಅದರ ಒಳ್ಳೆ ಡಬ್ಬಿ. ಹದಿನೈದು ದಿನಕ್ಕೆ ಬೇಕಾದಷ್ಟು ಸುಲಿದುಕೊಂಡರೆ ಸಾಕು.

ಕಟಕ್ ರೊಟ್ಟಿಗೆ ದೊಡ್ಡ ಶಾಸ್ತ್ರ ಇಲ್ಲ. ಅದರಲ್ಲಿ ನೀರು ಇಲ್ಲದ್ದರಿಂದ ಅದು ಉಳಿಯುತ್ತದೆ, ಅಷ್ಟೇ. ಅವ್ವ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಅಲ್ಲಿನ ಒಣ ಗಾಳಿ ಅದನ್ನು ಕಟಕಟಿ ಇಡುತ್ತದೆ. ಇಲ್ಲಿ ಬಟ್ಟೆ ಬೇಡ, ಬಿಗಿ ಮುಚ್ಚಳದ ಡಬ್ಬಿ ಬೇಕು. ಬರೀ ಮೆತ್ತಗಾಗಿದ್ದರೆ ಸಣ್ಣ ಉರಿಯ ತವೆಯ ಮೇಲೆ ಮತ್ತೆ ಗರಿಗರಿ ಮಾಡಿಕೊಳ್ಳಿ, ಬೂಷ್ಟಿನ ಚುಕ್ಕೆ ಬಂದಿದ್ದರೆ ಎಸೆಯಿರಿ. ಸಜ್ಜೆಯ ಹಿಟ್ಟನ್ನು ಮಾತ್ರ ಬೀಸಿ ಇಟ್ಟುಕೊಳ್ಳಬೇಡಿ. ಸಜ್ಜೆಯಲ್ಲಿ ಕೊಬ್ಬು ನೂರಕ್ಕೆ 5ರ ಹತ್ತಿರ ಇರುತ್ತದೆ, ಬೀಸಿದ ಕೂಡಲೇ ಅದು ಒಡೆಯಲು ಶುರುವಾಗಿ ಒಂದೆರಡು ವಾರದಲ್ಲೇ ಹಿಟ್ಟು ಕಹಿಯಾಗುತ್ತದೆ. ಕಾಳು ಇಡಿ, ವಾರಕ್ಕೆ ಬೇಕಾದಷ್ಟು ಬೀಸಿಸಿ.

ತುಪ್ಪ ಕಾಸುವಾಗ ವೀಳ್ಯದೆಲೆ ಅಥವಾ ನುಗ್ಗೆ ಎಲೆ ಹಾಕುವುದು ಒಳ್ಳೆಯ ಪದ್ಧತಿ. ಎಲೆಯಲ್ಲಿನ ಕೆಲವು ಅಂಶಗಳು ತುಪ್ಪ ಕಮಟಾಗುವುದನ್ನು ತಡ ಮಾಡುತ್ತವೆ. ಆದರೆ ತುಪ್ಪ ಉಳಿಯುವ ಮುಖ್ಯ ಕಾರಣ ಬೆಣ್ಣೆಯ ನೀರು ಪೂರ್ತಿ ಆರಿರುವುದು. ಚಟಪಟ ಸದ್ದು ನಿಂತು, ತಳದ ಗಸಿ ಕಂದಾಗುವ ತನಕ ಕಾಸಬೇಕು. ಒದ್ದೆ ಚಮಚ ಒಂದು ಸಲ ಹೋದರೂ ಆ ಕೆಲಸ ಹಾಳು.

ನೀವು ಕೇಳಿಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. ಈಚೆಗೆ ಬಳ್ಳೊಳ್ಳಿ ಸುಲಿದು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಇಡುವವರು ಜಾಸ್ತಿ ಆಗಿದ್ದಾರೆ. ಇದು ಅಪಾಯ. ಮಣ್ಣಿನಿಂದ ಬರುವ ಬೊಟುಲಿಸಂ ರೋಗಾಣುವಿಗೆ ಗಾಳಿ ಇಲ್ಲದ, ಹುಳಿ ಇಲ್ಲದ, ಹಸಿ ಇರುವ ಜಾಗ ಬೇಕು, ಎಣ್ಣೆಯ ಕೆಳಗಿನ ಹಸಿ ಬಳ್ಳೊಳ್ಳಿ ಸರಿಯಾಗಿ ಅಂಥ ಜಾಗ. ವಾಸನೆಯಿಂದ, ರುಚಿಯಿಂದ ಗೊತ್ತಾಗುವುದಿಲ್ಲ, ನರಗಳನ್ನು ಹಿಡಿಯುತ್ತದೆ. ಫ್ರಿಜ್‌ನಲ್ಲಿ ಇಟ್ಟು ನಾಲ್ಕು ದಿನದೊಳಗೆ ಮುಗಿಸಿ. ನಮ್ಮ ಕೆಂಪು ಖಾರಕ್ಕೆ ಈ ಭಯ ಕಡಿಮೆ, ಯಾಕೆಂದರೆ ಅದರಲ್ಲಿ ಉಪ್ಪು ಜಾಸ್ತಿ, ಲಿಂಬೆಯ ಹುಳಿ ಜಾಸ್ತಿ, ಅಷ್ಟು ಹುಳಿಯಲ್ಲಿ ಆ ರೋಗಾಣು ಬೆಳೆಯುವುದಿಲ್ಲ. ಬಾಯಿಗೆ ಕಟುವಾಯಿತು ಅಂತ ಉಪ್ಪು, ಲಿಂಬೆ ಎರಡನ್ನೂ ಕಡಿಮೆ ಮಾಡಿದ ಖಾರವನ್ನು ಹೊರಗೆ ಇಡಬೇಡಿ.

ಇನ್ನು ಉಳ್ಳಾಗಡ್ಡಿ. ನೆಲುವಿನಲ್ಲಿ ಅಥವಾ ಜಾಳಿಗೆಯಲ್ಲಿ ತೂಗು ಹಾಕಿ, ಫ್ರಿಜ್‌ಗೆ ಬೇಡ, ಬಟಾಟಿಯ ಜೊತೆಗೂ ಬೇಡ. ಮಳೆಗಾಲದ ಬೆಳೆಯ ಉಳ್ಳಾಗಡ್ಡಿ ಎಲ್ಲಿ ಇಟ್ಟರೂ ಬಹಳ ದಿನ ಬಾಳುವುದಿಲ್ಲ, ಹಿಂಗಾರಿ ಬೆಳೆಯದು ಬಾಳುತ್ತದೆ. ಜುಲೈನಲ್ಲಿ ಬೆಳಗಾವಿಯವರು ವಾರಕ್ಕೆ ಬೇಕಾದಷ್ಟೇ ಕೊಳ್ಳುವುದು ಒಳ್ಳೆಯದು. ಇಂಡಿಯ ಲಿಂಬೆ ತಂದರೆ ಗಾಯ ಇಲ್ಲದ್ದನ್ನು ಆರಿಸಿ, ಒರೆಸಿ, ಮೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ ಮುಚ್ಚಿದ ಡಬ್ಬಿಯಲ್ಲಿಟ್ಟು ಫ್ರಿಜ್‌ನ ಕೆಳಗಿನ ತರಕಾರಿ ಡ್ರಾಯರ್‌ನಲ್ಲಿ ಇಡಿ. ಎಣ್ಣೆ ಹಣ್ಣಿನ ನೀರು ಆರದ ಹಾಗೆ ತಡೆಯುತ್ತದೆ. ಮಹಾಲಿಂಗಪುರದ ಬೆಲ್ಲ ಪೆಂಟೆಗಟ್ಟಲೆ ತರುವವರು ಮಳೆ ಹಿಡಿಯುವ ಮೊದಲೇ ಒಡೆದು ಬಿಗಿ ಡಬ್ಬಿಗೆ ಹಾಕಬೇಕು, ಒಮ್ಮೆ ನೀರೊಡೆದರೆ ಮತ್ತೆ ಗಟ್ಟಿಯಾಗುವುದಿಲ್ಲ.

ಎರಡು ಮಣ್ಣಿನ ಗಡಿಗೆ, ನಡುವೆ ಹಸಿ ಉಸುಕು ತುಂಬಿ, ಒಳಗಿನ ಗಡಿಗೆಯಲ್ಲಿ ಸೊಪ್ಪು ಕಾಯಿಪಲ್ಲೆ ಇಡುವುದನ್ನು ಅವ್ವನಿಗೆ ಹೇಳಿ. ನೀರು ಆರುವಾಗ ಒಳಗೆ ತಂಪಾಗುತ್ತದೆ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಇದೇ ತತ್ವದ ಮೇಲೆ ಎರಡು ಸಾಲು ಇಟ್ಟಂಗಿ, ನಡುವೆ 7.5 ಸೆಂಟಿಮೀಟರ್ ಉಸುಕು ಇರುವ ಕರೆಂಟು ಬೇಡದ ತಂಪು ಪೆಟ್ಟಿಗೆ ಮಾಡಿದರು. ಸಿಂದಗಿಯ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ನಿಮ್ಮ ಮಳೆಗಾಲದಲ್ಲಿ ಮಾಡಿದರೆ ನೀರೂ ಆರುವುದಿಲ್ಲ, ತಂಪೂ ಆಗುವುದಿಲ್ಲ, ಸೊಪ್ಪು ಕೊಳೆಯುತ್ತದೆ.

ನುಸಿ ಹಿಡಿದ ಜೋಳ ತಿನ್ನಬಹುದಾ ಅಂದಿರಿ. ಮೂಗಿಗೆ ಹಿಡಿದು ನೋಡಿ. ಬರೀ ನುಸಿ ಇದ್ದು ಮುಗ್ಗಲು ವಾಸನೆ ಇಲ್ಲದಿದ್ದರೆ, ಗಂಟು, ಕಪ್ಪು, ಹಸಿರು ಕಾಣದಿದ್ದರೆ ತಿನ್ನಬಹುದು. ಒಂದು ವಾರ ಫ್ರೀಜರ್‌ನಲ್ಲಿಡಿ, ಕೇರಿ, ಜರಡಿ ಹಿಡಿಯಿರಿ. ಆಮೇಲೆ ನೀರಿಗೆ ಹಾಕಿ. ಒಳಗೆ ಟೊಳ್ಳಾದ ಕಾಳು ಮೇಲೆ ತೇಲುತ್ತದೆ, ಅದನ್ನು ಬಗ್ಗಿಸಿ ಚೆಲ್ಲಿ. ಮುಳುಗಿದ್ದನ್ನು ಬಸಿದು, ಫ್ಯಾನಿನ ಕೆಳಗೆ ಹರಡಿ, ತವೆಯ ಮೇಲೆ ಬೆಚ್ಚಗೆ ಮಾಡಿ ಪೂರ್ತಿ ಒಣಗಿಸಿ ಕೂಡಲೇ ಬೀಸಿಸಿ. ಅರ್ಧಕ್ಕರ್ಧ ತೇಲಿದರೆ ಆ ಜೋಳದಲ್ಲಿ ಹುಳದ ಹೊಲಸೇ ಜಾಸ್ತಿ ಇರುತ್ತದೆ, ರೊಟ್ಟಿ ಕಹಿಯಾಗುತ್ತದೆ, ತಟ್ಟಿದರೆ ಹರಿಯುತ್ತದೆ. ಅದನ್ನು ಕೋಳಿಗೆ ಹಾಕಿ. ಮುಗ್ಗಿದ್ದರೆ ಕೋಳಿಗೂ ಬೇಡ.

ಮುಂದಿನ ವರ್ಷಕ್ಕೆ ನನ್ನ ದೊಡ್ಡ ಸಲಹೆ ಇದು. ವರ್ಷದ ಕಾಳನ್ನು ಒಮ್ಮೆಲೇ ಬೆಳಗಾವಿಗೆ ತರಿಸಬೇಡಿ. ಕಾಳು ಕಾಯುವುದಕ್ಕೆ ಅವ್ವನ ಮನೆಗಿಂತ ಒಳ್ಳೆ ಜಾಗ ನಿಮಗೆ ಇಲ್ಲಿ ಸಿಗುವುದಿಲ್ಲ, ಅದು ಅಲ್ಲೇ ಇರಲಿ. ಮೇ ಕೊನೆಗೆ ದಸರಾ ತನಕ ಸಾಕಾಗುವಷ್ಟು ಮಾತ್ರ, ಬಿಸಿಲಿನ ಚಿಕಿತ್ಸೆ ಆದದ್ದನ್ನು, ಅಲ್ಲೇ ಐದೈದು ಕೆಜಿ ಡಬ್ಬಿಗಳಲ್ಲಿ ತುಂಬಿಸಿ ಬಾಯಿ ಬಿಗಿದು ತನ್ನಿ. ಉಳಿದದ್ದನ್ನು ದೀಪಾವಳಿಗೆ ಹೋದಾಗ ತಂದರಾಯಿತು. ಆಗ ಬೆಳಗಾವಿಯ ಗಾಳಿಯೂ ಒಣಗಿರುತ್ತದೆ.